ಕ್ಯಾನ್ಸರ್ ಅಂತಲೇ ಇರಲಿ ಬಿಡು

ನಮ್ಮ ಅತ್ತೆಗೆ ಕ್ಯಾನ್ಸರ್ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಇತ್ತು ಎಂದು ನಂಬಿದವರು ಮಸ್ಕಿಯ ನಮ್ಮ ಓಣಿಯಲ್ಲಿ ಈಗಲೂ ಒಬ್ಬಿಬ್ಬರು ಸಿಗುತ್ತಾರೆ. ಅವರನ್ನು ಹಾಗೆ ನಂಬಿಸಿದವರು ಬೇರೆ ಯಾರೂ ಅಲ್ಲ, ಸ್ವತಃ ಅತ್ತೆ. ಚಹಾ ಮಾಡಿ ಕೊಟ್ಟು ಆ ಸುಳ್ಳನ್ನು ಸಾಕಿದವಳು ನಾನು.

ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಮಾವ ತೀರಿಕೊಂಡಿದ್ದರು, ಬಂದ ದಿನದಿಂದಲೂ ಯಜಮಾನಿಕೆ ಅತ್ತೆಯದೇ. ನನ್ನ ಗಂಡ ಬಸ್ ನಿಲ್ದಾಣದ ಹತ್ತಿರ ಬೀಜ-ಗೊಬ್ಬರದ ಅಂಗಡಿ ನಡೆಸುತ್ತಾರೆ. ನಾನು ಹತ್ತಿರದ ಹಳ್ಳಿಯೊಂದರ ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಶಾಲೆಯಲ್ಲಿ ನನ್ನ ದನಿಗೆ ಮಕ್ಕಳು ಸುಮ್ಮನಾಗುತ್ತಾರೆ, ಮನೆಯಲ್ಲಿ ಅತ್ತೆಯ ದನಿಗೆ ನಾನು ಸುಮ್ಮನಾಗುತ್ತೇನೆ. ಅವರು ನನ್ನನ್ನು ಕರೆಯುವುದೇ "ಟೀಚರಮ್ಮ" ಎಂದು, ಅದೂ ರೊಟ್ಟಿ ಹರಿದಾಗ ಮಾತ್ರ. ನನ್ನ ಜೋಳದ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, "ಇದನ್ನ ಬಾಗಲಕ್ಕ ಹಚ್ಚಿದ್ರ ನಾಯಿ ಒಳಗ ಬರಂಗಿಲ್ಲ ನೋಡು ಟೀಚರಮ್ಮ" ಅನ್ನುತ್ತಿದ್ದರು. ನನಗೆ ಸಿಟ್ಟು ಬೇಗ. ಹಿಟ್ಟಿನ ಬುಟ್ಟಿಯನ್ನು ಒಮ್ಮೊಮ್ಮೆ ದಪ್ಪೆಂದು ಇಡುತ್ತಿದ್ದೆ. ಅಷ್ಟಕ್ಕೇ ಲೆಕ್ಕ ಮುಗಿಯುತ್ತಿತ್ತು.

ಮೊದಲು ಬಂದದ್ದು ಕುತ್ತಿಗೆಯ ಬಲಬದಿಗೆ ಒಂದು ಗಂಟು. ಅತ್ತೆ ಕೊರಳಲ್ಲಿ ಬೆಳ್ಳಿಯ ಕರಡಿಗೆ ಕಟ್ಟಿಕೊಂಡವರು, ಅದರಲ್ಲಿ ಅವರ ಇಷ್ಟಲಿಂಗ. ಬೆಳಗಿನ ಪೂಜೆ ಬಿಟ್ಟರೆ ಅದು ಕೊರಳು ಬಿಟ್ಟು ಇಳಿಯುವುದಿಲ್ಲ. ಹೀಗಾಗಿ ಗಂಟಿಗೆ ಕಾರಣ ಹುಡುಕಲು ಅವರಿಗೆ ತಡವಾಗಲಿಲ್ಲ. "ಶಿವದಾರ ಉಜ್ಜಿ ಉಜ್ಜಿ ಬಾತೈತಿ," ಅಂದರು. ಲಿಂಗಸುಗೂರಿನ ತವರಿನಿಂದ ಮೆತ್ತಗಿನ ಹೊಸ ದಾರ ತರಿಸಿಕೊಂಡರು. ಗಂಟಿಗೆ ಸುಣ್ಣ-ಬೆಲ್ಲ ಕಲಸಿ ಹಚ್ಚಿದರು. ದಾರ ಹೊಸದಾಯಿತು, ಗಂಟು ಹೋಗಲಿಲ್ಲ. ಅದರ ಪಕ್ಕಕ್ಕೆ ಇನ್ನೊಂದು ಬಂತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಮುಂಗೈಯಲ್ಲಿ ಬಿಗಿಯಾಗಿದ್ದ ಬೆಳ್ಳಿ ಬಳೆಗಳು ಕೈ ಎತ್ತಿದರೆ ಮೊಣಕೈವರೆಗೆ ಜಾರತೊಡಗಿದವು. ಆಗ ನಾನೇ ಗಂಡನಿಗೆ ಗಂಟುಬಿದ್ದು ಸಿಂಧನೂರಿಗೆ ಕರೆದುಕೊಂಡು ಹೋದೆ. ಅಲ್ಲಿ ನನ್ನ ನಾದಿನಿಯ ಮನೆ ಇದೆ, ಅವಳಿಗೆ ಗುರುತಿನ ಡಾಕ್ಟರೊಬ್ಬರಿದ್ದರು.

ಡಾಕ್ಟರು ಗಂಟುಗಳನ್ನು ಮುಟ್ಟಿ, ಅಮುಕಿ ನೋಡಿದರು. ಆಮೇಲೆ ಅತ್ತೆಯನ್ನು ಹೊರಗೆ ಕೂರಿಸಿ ನಮಗೆ ಹೇಳಿದರು: "ಗಂಟು ಗಟ್ಟಿ ಅದಾವ, ಒಂದಕ್ಕೊಂದು ಹತ್ಯಾವ. ತೂಕ ಬ್ಯಾರೆ ಇಳದೈತಿ. ಕ್ಯಾನ್ಸರ್ ಇದ್ದರೂ ಇರಬಹುದು. ರಾಯಚೂರಿಗೆ ಹೋಗಿ ತುಣುಕು ತೆಗೆಸಿ ಪರೀಕ್ಷೆ ಮಾಡ್ಸ್ರಿ. ಅಲ್ಲಿವರೆಗೂ ಏನೂ ಹೇಳಾಕ ಬರಂಗಿಲ್ಲ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ "ಇದ್ದರೂ ಇರಬಹುದು" ಎಂಬ ಭಾಗ ಸಿಂಧನೂರಿನಿಂದ ಮಸ್ಕಿಗೆ ಬರುವ ದಾರಿಯಲ್ಲಿ ಎಲ್ಲೋ ಬಸ್ಸಿನಿಂದ ಇಳಿದುಹೋಯಿತು. ನಾವು ಮನೆ ಮುಟ್ಟುವ ಹೊತ್ತಿಗೆ ನಾದಿನಿ ಲಿಂಗಸುಗೂರಿಗೆ ಫೋನು ಮಾಡಿ ಅತ್ತಾಗಿತ್ತು. ಲಿಂಗಸುಗೂರಿನವರು ಉಳಿದವರಿಗೆಲ್ಲ ಫೋನು ಮಾಡಿ ಅತ್ತಾಗಿತ್ತು. ಮರುದಿನ ಬೆಳಿಗ್ಗೆ ನಾನು ಅಂಗಳ ಕಸ ಹೊಡೆಯುವಾಗಲೇ ಮೊದಲ ಆಟೋ ಬಂದು ನಿಂತಿತು.

ನಮ್ಮ ಕಡೆ ಇದಕ್ಕೆ "ಮಾತಾಡಿಸಿಕೊಂಡು ಹೋಗಲು ಬರುವುದು" ಅನ್ನುತ್ತಾರೆ. ಜಡ್ಡಿಗೆ ಬಿದ್ದವರನ್ನು ನೋಡದೆ ಇದ್ದರೆ ಅದೊಂದು ತಪ್ಪು, ಜೀವನಪೂರ್ತಿ ಎತ್ತಿ ಆಡುವ ತಪ್ಪು. ಬಂದವರು ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ಸ್ವಲ್ಪ ಅಳಬೇಕು. ಒಳಗೆ ಬಂದು ಮಂಚದ ತುದಿಗೆ ಕೂತು ರೋಗಿಯ ಕಾಲು ಮುಟ್ಟಿ ನೋಡಬೇಕು. ರೋಗದ ಹೆಸರು ಹೇಳಬಾರದು. "ಏನ್ ಮಾಡೂದವ, ಹಣೀಬರ," ಅನ್ನಬೇಕು. ಚಹಾ ಕುಡಿದು, ತಂದ ಬ್ರೆಡ್ಡು-ಬಾಳೆಹಣ್ಣು ದಿಂಬಿನ ಪಕ್ಕ ಇಟ್ಟು ಹೋಗಬೇಕು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಸೇರಿದ ಬ್ರೆಡ್ಡಿಗೆ ಲೆಕ್ಕವಿರಲಿಲ್ಲ. ಅಂಗಡಿಗೆ ಬೀಜ ಕೊಳ್ಳಲು ಬಂದ ರೈತರಿಗೂ ನನ್ನ ಗಂಡ ಬ್ರೆಡ್ಡು ಹಂಚಿದರು.

ಅತ್ತೆಗೆ ಈ ಬಂದು ಹೋಗುವಿಕೆ ಇಷ್ಟವಾಯಿತು ಎಂದರೆ ಅವರು ನನ್ನನ್ನು ಕ್ಷಮಿಸಲಿ. ಅವರ ತಂಗಿ ಯಾವುದೋ ಮದುವೆಯಲ್ಲಿ ಉಡಿ ತುಂಬುವಾಗ ತನ್ನನ್ನು ಕರೆಯಲಿಲ್ಲವೆಂದು ಮಾತು ಬಿಟ್ಟಿದ್ದಳು. ಆ ತಂಗಿಯೂ ಬಂದು ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಅತ್ತೆ ಅವಳ ಬೆನ್ನು ಸವರಿದರು. ಅವಳು ಹೋದ ಮೇಲೆ, "ಕ್ಯಾನ್ಸರ್ ಅಂದ್ರ ಇಷ್ಟು ಮಂದಿ ಬರ್ತಾರ ಅಂತ ಗೊತ್ತಿದ್ದಿಲ್ಲ ನೋಡು," ಅಂದರು. ನನಗೆ ನಗು ಬಂತು. ಆದರೆ ಅಂದು ರಾತ್ರಿ ಊಟಕ್ಕೆ ಕೂತಾಗ ನನ್ನ ರೊಟ್ಟಿ ಮುರಿದು, "ಚಲೋ ಆಗ್ಯಾವ ಬಿಡು," ಅಂದುಬಿಟ್ಟರು. ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಅತ್ತೆ ನನ್ನ ರೊಟ್ಟಿ ಹೊಗಳಿದರೆಂದರೆ ಅವರು ನಮ್ಮನ್ನು ಬಿಟ್ಟು ಹೊರಟರು ಎಂದೇ ನನಗೆ ಅನಿಸಿತು. ಅಷ್ಟು ಬೈಸಿಕೊಂಡು ಅವರ ಮೇಲೆ ನನಗೆ ಅಷ್ಟು ಪ್ರೀತಿ ಇದೆ ಎಂದು ನನಗೇ ಗೊತ್ತಿರಲಿಲ್ಲ.

ರಾಯಚೂರಿನ ದವಾಖಾನೆಯಲ್ಲಿ ಸ್ಕ್ಯಾನಿಂಗಿಗೆ ಮೊದಲು ಕೊರಳಲ್ಲಿದ್ದುದನ್ನೆಲ್ಲ ತೆಗೆಯಿರಿ ಅಂದರು. ಅತ್ತೆ ಬಂಗಾರದ ಸರ ತೆಗೆದು ನನ್ನ ಕೈಗೆ ಕೊಟ್ಟರು, ಕರಡಿಗೆ ಕೊಡಲಿಲ್ಲ. ಯಂತ್ರ ನಡೆಸುವಾತ ತಾಳ್ಮೆಯಿಂದಲೇ ಹೇಳಿದ, "ಅಮ್ಮಾರ, ಬೆಳ್ಳಿ ಇದ್ರ ಫೋಟೋ ಚಂದ ಬರಂಗಿಲ್ರಿ."

"ಫೋಟೋ ಚಂದ ಬರಲಿಲ್ಲಂದ್ರ ನಡೀತೈತಿ ತಮ್ಮಾ. ಇದನ್ನ ಬಿಟ್ಟು ನಾ ಒಳಗ ಹೋಗಂಗಿಲ್ಲ."

ಕೊನೆಗೆ ಕರಡಿಗೆಯನ್ನು ಕೊರಳಿನಿಂದ ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡು, ಕೈಯನ್ನು ಹೊಟ್ಟೆಯ ಮೇಲಿಟ್ಟು ಮಲಗುವುದೆಂದು ರಾಜಿಯಾಯಿತು. ಪರೀಕ್ಷೆ ಆಗುವುದು ಕುತ್ತಿಗೆಗಾದ್ದರಿಂದ ಅವನೂ ಒಪ್ಪಿದ. ಲಿಂಗದ ವಿಷಯದಲ್ಲಿ ಅತ್ತೆ ಹೀಗೆ. ಬೇರೆ ಯಾವುದರ ಮೇಲಾದರೂ ಆಣೆ ಮಾಡಿಯಾರು, ಅದನ್ನು ಹಿಡಿದು ಹಗುರ ಮಾತು ಆಡಿದವರಲ್ಲ. ಇದು ಮುಂದೆ ಉಪಯೋಗಕ್ಕೆ ಬಂತು.

ಗಂಟಿನಿಂದ ತುಣುಕು ತೆಗೆದರು. ಫಲಿತಾಂಶಕ್ಕಾಗಿ ಮತ್ತೆ ಹೋದ ದಿನ ಡಾಕ್ಟರಮ್ಮ ನಮ್ಮನ್ನು ಕೂರಿಸಿ, ಮೊದಲು ನಕ್ಕರು. ಅವರು ನಕ್ಕದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಕ್ಯಾನ್ಸರ್ ಅಲ್ರಿ. ಇದು ಟಿಬಿ. ಟಿಬಿ ಎದಿಗಷ್ಟ ಬರ್ತೈತಿ ಅಂತ ಮಂದಿ ತಿಳಕೊಂಡಾರ. ಗಂಟಿಗೂ ಬರ್ತೈತಿ, ಎಲುಬಿಗೂ ಬರ್ತೈತಿ. ನೋಡಾಕ ಥೇಟ್ ಕ್ಯಾನ್ಸರ್ ಇದ್ದಂಗ ಇರ್ತೈತಿ, ಅದಕ್ಕ ತುಣುಕು ನೋಡದ ಹೇಳಬಾರದು. ಇವರ ಎದಿ ಫೋಟೋ ಸ್ವಚ್ಛ ಐತಿ, ಕಫದಾಗೂ ಏನಿಲ್ಲ, ಅಂದ್ರ ಇವರಿಂದ ಯಾರಿಗೂ ಅಂಟಂಗಿಲ್ಲ. ಆರು ತಿಂಗಳು ಗುಳಿಗಿ ತಪ್ಪದ ತಗೊಳ್ರಿ, ಆರಾಮ ಆಗ್ತಾರ."

ಹೊರಗೆ ಬಂದು ನಾನೂ ನನ್ನ ಗಂಡನೂ ಗೋಡೆ ಹಿಡಿದು ನಕ್ಕೆವು. ದವಾಖಾನೆಯಲ್ಲಿ ಹಾಗೆ ನಗುವವರನ್ನು ಕಂಡು ಜನ ತಿರುಗಿ ನೋಡಿದರು. ಅತ್ತೆ ಮಾತ್ರ ನಗಲಿಲ್ಲ. ಬೆಂಚಿನ ಮೇಲೆ ಕೂತು ಸೆರಗಿನ ತುದಿ ಸುತ್ತುತ್ತಿದ್ದರು. ಹೆದರಿಕೆ ಇಳಿದ ಮೇಲೆ ಸುಸ್ತು ಬಂದಿರಬೇಕು ಅಂದುಕೊಂಡೆ. ವಾಪಸು ಬರುವ ಬಸ್ಸಿನಲ್ಲಿ ನನ್ನ ಗಂಡ ಮುಂದಿನ ಸೀಟಿನಲ್ಲಿ ನಿದ್ದೆ ಹೋದರು. ಆಗ ಅತ್ತೆ ನನ್ನ ಮೊಣಕೈ ಮುಟ್ಟಿ ಕೇಳಿದರು:

"ಮನಿಗೆ ಬಂದವ್ರಿಗೆ ಏನಂತ ಹೇಳ್ತಿ?"

"ಖರೆ ಹೇಳ್ತೀನ್ರಿ ಅತ್ತಿ. ಕ್ಯಾನ್ಸರ್ ಅಲ್ಲ, ಟಿಬಿ ಅಂತ. ಎಲ್ಲಾರಿಗೂ ಖುಷಿ ಆಗ್ತೈತಿ."

"ಬ್ಯಾಡ. ಕ್ಯಾನ್ಸರ್ ಅಂತಲೇ ಇರಲಿ ಬಿಡು."

ತಲೆ ಕೆಟ್ಟಿದೆಯೇ ಎಂದು ಕೇಳಬೇಕೆನಿಸಿತು. ನನ್ನ ಮುಖದಲ್ಲಿಯೇ ಕೇಳಿದ್ದೆನೇನೋ. ಅವರು ಕಿಟಕಿಯ ಹೊರಗೆ ನೋಡುತ್ತ ಹೇಳತೊಡಗಿದರು. ಅವರಿಗೆ ಒಬ್ಬ ಅಕ್ಕ ಇದ್ದಳಂತೆ. ಇಷ್ಟು ವರ್ಷದಲ್ಲಿ ಆ ಅಕ್ಕನ ಹೆಸರನ್ನು ಈ ಮನೆಯಲ್ಲಿ ನಾನು ಕೇಳಿರಲಿಲ್ಲ. ಅವಳಿಗೆ ಕ್ಷಯ ಬಂದಾಗ ದನದ ಕೊಟ್ಟಿಗೆಯ ಪಕ್ಕ ಹಾಸಿಗೆ ಹಾಕಿಕೊಟ್ಟರಂತೆ. ಊಟದ ಗಂಗಾಳ ಬೇರೆ, ನೀರಿನ ಚರಿಗೆ ಬೇರೆ. ತಾಯಿ ದೂರದಿಂದ ರೊಟ್ಟಿ ಹಾಕಿ ಬರುತ್ತಿದ್ದಳು. ಓಣಿಯ ಒಬ್ಬರೂ ಮಾತಾಡಿಸಲು ಬರಲಿಲ್ಲ. ಅವಳು ಸತ್ತ ಮೇಲೆ ಆ ಗಂಗಾಳವನ್ನು ಕೋಲಿಗೆ ಸಿಕ್ಕಿಸಿ ಒಯ್ದು ಹಳ್ಳಕ್ಕೆ ಒಗೆದರು. ಆಗ ಅತ್ತೆ ಲಂಗ ಉಡುವ ಹುಡುಗಿ, ಹಳ್ಳದ ದಂಡೆಯಲ್ಲಿ ನಿಂತು ನೋಡಿದ್ದಳು.

"ಕ್ಯಾನ್ಸರ್ ಬಂದವರ ಕೂಡ ಮಂದಿ ಕುಂದರ್ತಾರ, ಅಳ್ತಾರ. ಅದು ಬಂದವರ ಕಡೆ ಹೊಳ್ಳಿ ನೋಡಂಗಿಲ್ಲ. ಬದುಕಿದ್ದಾಗನ ಯಾರೂ ಬರದಂಗ ಆಗೂದಕ್ಕಿಂತ ಸಾಯ್ತೀನಿ ಅಂತ ತಿಳಕೊಂಡು ಬರೂದು ಚಲೋ ಅಲ್ಲೇನು?"

ಈಗ ಕಾಲ ಬದಲಾಗಿದೆ, ಈ ಟಿಬಿ ಅಂಟುವುದೇ ಇಲ್ಲ ಎಂದು ನಾನು ಶಾಲೆಯ ಪಾಠದಂತೆ ಹೇಳಿದೆ. ಅವರು ಪೂರ್ತಿ ಕೇಳಿ, "ನೀ ಓದ್ದಾಕಿ. ಓಣ್ಯಾಗಿನವ್ರು ಓದಿಲ್ಲ," ಅಂದರು. ಮಸ್ಕಿ ಬಂತು. ನಾನು ಆಗಲಿ ಅಂದುಬಿಟ್ಟೆ. ಮನೆಗೆ ಬಂದು ಗಂಡನ ಬಾಯನ್ನೂ ಕಟ್ಟಿದೆವು.

ಸುಳ್ಳನ್ನು ಹೇಳುವುದು ಸುಲಭ, ಅದರ ಕೂಡ ಸಂಸಾರ ಮಾಡುವುದು ಕಷ್ಟ. ಮೊದಲ ತೊಂದರೆ ಗುಳಿಗೆ ಎಲ್ಲಿಂದ ತರುವುದು ಎಂಬುದು. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಕೊಡುತ್ತಾರೆ ನಿಜ. ಆದರೆ ಮಸ್ಕಿಯ ದವಾಖಾನೆಯಲ್ಲಿ ಎಲ್ಲರೂ ಗುರುತಿನವರು. ಲಿಂಗಸುಗೂರು ಅಂದರೆ ಅತ್ತೆಯ ತವರು, ಅಲ್ಲಿ ಬಸ್ಸಿಳಿದ ತಕ್ಷಣ ಯಾರೋ ಒಬ್ಬ ಅಣ್ಣ ಸಿಗುತ್ತಾನೆ. ಸಿಂಧನೂರಿನಲ್ಲಿ ನಾದಿನಿ, ಅವಳಿಗೆ ಗೊತ್ತಾದರೆ ಜಿಲ್ಲೆಗೆ ಗೊತ್ತಾದಂತೆ. ಮೂರು ಊರು ತಿರುಗಿ ಬಂದರೂ ನಮಗೆ ಅಪರಿಚಿತರೆನ್ನುವವರು ಸಿಗಲಿಲ್ಲ. ಕೊನೆಗೆ ಮಸ್ಕಿಯಲ್ಲಿಯೇ, ಶಾಲೆ ಬಿಟ್ಟ ಮೇಲೆ ಮಂದಿ ಕಡಿಮೆಯಾದ ಹೊತ್ತಿನಲ್ಲಿ ನಾನು ಹೋಗಿ ತರುವುದೆಂದಾಯಿತು. ವಿಚಾರಿಸಲು ಮನೆಗೆ ಬರುತ್ತಿದ್ದ ಆಶಾ ಕಾರ್ಯಕರ್ತೆಗೆ ಅತ್ತೆ, "ಯಾರರ ಕೇಳಿದ್ರ ಬಿಪಿ ನೋಡಾಕ ಬಂದೀನಿ ಅನ್ನವ," ಎಂದು ಕೈಹಿಡಿದು ಹೇಳಿದರು. ಅವಳು ನಕ್ಕು ಹೂಂ ಅಂದಳು.

ಗುಳಿಗೆ ಶುರುವಾದ ದಿನವೇ ಬಚ್ಚಲಿನಿಂದ ಅತ್ತೆ ನನ್ನನ್ನು ಕೂಗಿದರು. ಓಡಿ ಹೋದರೆ ಗೋಡೆಗೆ ಒರಗಿ ನಿಂತಿದ್ದಾರೆ. "ಮುಗೀತವ ನಂದು. ರಗತ ಹೊಂಟೈತಿ," ಅಂದರು. ಆ ಗುಳಿಗೆ ನುಂಗಿದರೆ ಮೂತ್ರ ಕೆಂಪಗಾಗುತ್ತದೆ, ಹೆದರಬೇಡಿ ಎಂದು ದವಾಖಾನೆಯಲ್ಲಿ ಹೇಳಿದ್ದರು. ಅವರಿಗೆ ತಿಳಿಸಲು ನಾನು ಮರೆತಿದ್ದೆ. ವಿಷಯ ಕೇಳಿದ ಮೇಲೆ ಅತ್ತೆ ನನ್ನನ್ನು ಬೈದರು ನೋಡಿ, ವಾರಗಟ್ಟಲೆ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಒಂದೇ ಸಲ ಬೈದರು. ನಾನು ಅಡುಗೆಮನೆಗೆ ಬಂದು ಖುಷಿಯಿಂದ ಒಗ್ಗರಣೆ ಹಾಕಿದೆ.

ಎರಡನೆಯ ತೊಂದರೆಯೆಂದರೆ ಅತ್ತೆ ದಪ್ಪಗಾಗತೊಡಗಿದರು. ಹಸಿವು ಬಂತು, ಜ್ವರ ಹೋಯಿತು, ಬಳೆ ಮತ್ತೆ ಮುಂಗೈಗೆ ಬಂದು ಕೂತವು. ಸಾಯಲಿರುವವರ ಕೆನ್ನೆ ಹೀಗೆ ತುಂಬಿಕೊಂಡರೆ ಮಾತಾಡಿಸಲು ಬಂದವರು ಏನು ಮಾಡಬೇಕು? ಬಾಗಿಲಲ್ಲಿ ಚಪ್ಪಲಿ ಸದ್ದಾದರೆ ಸಾಕು, ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತಿದ್ದ ಅತ್ತೆ ಮಂಚಕ್ಕೆ ಹಾರಿ ಕೌದಿ ಎಳೆದುಕೊಳ್ಳುತ್ತಿದ್ದರು. ನರಳುವುದು ಅವರಿಗೆ ಬರುತ್ತಿರಲಿಲ್ಲ. ದಮ್ಮು ಹಿಡಿದು "ಹ್ಞಾಂ" ಅಂದರೆ ಎಮ್ಮೆ ಕರೆದಂತೆ ಕೇಳುತ್ತಿತ್ತು. ಕೌದಿಯೊಳಗಿಂದ ಶೇಂಗಾದ ಸಿಪ್ಪೆ ಉದುರುತ್ತಿತ್ತು. ನಾನು ಚಹಾದ ನೆವದಿಂದ ಒಳಗೆ ಹೋಗಿ ನಗುತ್ತಿದ್ದೆ.

ಜನ ಕುರುಡರಲ್ಲ. ಅವರಿಗೆ ಕಂಡದ್ದಕ್ಕೆ ಅವರೇ ಕಾರಣ ಕಟ್ಟಿಕೊಂಡರು. ಕೆಲವರು ಲಿಂಗಪೂಜೆಯ ಫಲ ಅಂದರು. ಹೆಚ್ಚಿನವರು ಅತ್ತೆ ಯಾವುದೋ ಗಿಡಮೂಲಿಕೆ ತಿನ್ನುತ್ತಿದ್ದಾರೆ, ಗುಟ್ಟು ಬಿಡುತ್ತಿಲ್ಲ ಅಂದರು. ನಮ್ಮ ಸೀಮೆಯಲ್ಲಿ ನಾಟಿ ಔಷಧಿಗೆ ಒಂದು ಕಟ್ಟಳೆ ಇದೆ. ಬೇರಿನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅದರ ಗುಣ ಹೋಗುತ್ತದೆ. ಕೊಡುವವನೂ ಹೇಳುವುದಿಲ್ಲ, ತಿಂದವರೂ ಹೇಳುವುದಿಲ್ಲ. ಹೀಗಾಗಿ ಅತ್ತೆ ಸುಮ್ಮನಿದ್ದಷ್ಟೂ ಜನರಿಗೆ ನಂಬಿಕೆ ಬಲವಾಯಿತು. ಮಸ್ಕಿಯಲ್ಲಿ ಒಬ್ಬಾಕೆ ಕೊಯ್ಯಿಸಿಕೊಳ್ಳದೆ ಕ್ಯಾನ್ಸರ್ ಗೆದ್ದಿದ್ದಾಳೆ ಎಂಬ ಸುದ್ದಿ ನಮ್ಮ ಓಣಿ ದಾಟಿ ಕಾಲುವೆಯ ಹಳ್ಳಿಗಳಿಗೆ ಹೋಯಿತು. ಇದು ಎಲ್ಲಿಗೆ ಮುಟ್ಟೀತು ಎಂದು ನನಗೆ ಹೊಳೆದಿರಲಿಲ್ಲ.

ಒಂದು ಭಾನುವಾರ ಬಳಗಾನೂರಿನಿಂದ ಗಂಡ-ಹೆಂಡತಿ ಬಂದರು. ಆಕೆ ಅತ್ತೆಯ ತವರಿನ ಕಡೆಯಿಂದ ದೂರದ ಸಂಬಂಧ, ವಯಸ್ಸಿನಲ್ಲಿ ನನ್ನ ವಾರಗೆಯವಳು. ಭತ್ತದ ನಾಟಿಗೆ ಹೋಗುವ ಗಟ್ಟಿ ಹೆಣ್ಣುಮಗಳು. ಪಡಸಾಲೆಯಲ್ಲಿ ಆಗಲೇ ಓಣಿಯ ಇಬ್ಬರು ಹೆಂಗಸರು ಕೂತು ಚಹಾ ಕುಡಿಯುತ್ತಿದ್ದರು. ಅತ್ತೆ ಕೌದಿಯಲ್ಲಿದ್ದರು. ಬಂದಾಕೆ ಅಳಲಿಲ್ಲ, ಬ್ರೆಡ್ಡೂ ತಂದಿರಲಿಲ್ಲ. ಮಂಚದ ಕೆಳಗೆ ನೆಲದ ಮೇಲೆ ಕೂತು ಸೆರಗಿನ ಮೇಲಿಂದ ತನ್ನ ಎಡಗಡೆಯ ಎದೆ ಮುಟ್ಟಿಕೊಂಡಳು.

"ಅತ್ತೆಮ್ಮಾ, ನನಗೂ ಅದ ಆಗೈತ್ರಿ. ತುಣುಕು ತೆಗೆದು ನೋಡ್ಯಾರ, ಕ್ಯಾನ್ಸರ್ ಅಂತ ಖಾತ್ರಿ ಆಗೈತಿ. ಮುಂದಿನ ವಾರ ಆಪರೇಷನ್ನಿಗೆ ಬಾ ಅಂದಾರ. ಎದಿ ತೆಗೀತೀವಿ ಅಂತಾರ್ರಿ. ಮನ್ಯಾಗ ಎಲ್ಲಾರೂ, ಮಸ್ಕಿ ಅತ್ತೆಮ್ಮಗ ಕೊಯ್ಯದ ಆರಾಮ ಆಗೈತಿ, ಕೇಳಿ ಬಾ ಅಂದ್ರು. ನೀವು ತಿಂದ ಔಷಧಿ ನನಗೂ ಕೊಡಸ್ರಿ. ನಾ ಆಪರೇಷನ್ನಿಗೆ ಹೋಗಂಗಿಲ್ಲ."

ನಾನು ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿದ್ದೆ. ನಾವು ಬ್ರೆಡ್ಡು ತಿಂದು, ಕೌದಿ ಹೊದ್ದು, ನಕ್ಕು ಆಡಿದ ಆಟ ಈ ಹೆಣ್ಣುಮಗಳ ಜೀವಕ್ಕೆ ಬಂದು ನಿಂತಿತ್ತು. ಅತ್ತೆ ನನ್ನ ಕಡೆ ನೋಡಿದರು. ಆ ಓಣಿಯ ಇಬ್ಬರ ಕಡೆ ನೋಡಿದರು. ಆಮೇಲೆ ಕೌದಿ ಕಿತ್ತೊಗೆದು ಎದ್ದು ಕೂತರು.

"ನನಗ ಕ್ಯಾನ್ಸರ್ ಇಲ್ಲವ. ಇದ್ದಿದ್ದೂ ಇಲ್ಲ. ನನಗ ಬಂದಿದ್ದು ಕ್ಷಯ. ಕುತ್ತಿಗಿ ಗಂಟಿಗೆ ಬಂದ ಟಿಬಿ. ನಾ ನುಂಗಾಕತ್ತಿದ್ದು ಸರ್ಕಾರಿ ದವಾಖಾನಿ ಗುಳಿಗಿ. ಏ ಟೀಚರಮ್ಮ, ಗುಳಿಗಿ ತಗೊಂಬಾ."

ಓಣಿಯ ಹೆಂಗಸರ ಕೈಯಲ್ಲಿ ಚಹಾದ ಲೋಟ ಅಲ್ಲೇ ನಿಂತವು. ನಾನು ಗುಳಿಗೆಯ ಪಟ್ಟಿ ತಂದು ತೋರಿಸಿದೆ. ಬಳಗಾನೂರಿನಾಕೆ ಅದನ್ನು ತಿರುಗಿಸಿ ನೋಡಿ ಗಂಡನ ಕೈಗೆ ಕೊಟ್ಟಳು. ಅವನು ನೋಡಿ, ತಲೆ ಅಲ್ಲಾಡಿಸಿ, ಬಹಳ ಮರ್ಯಾದೆಯಿಂದಲೇ ಹೇಳಿದ:

"ಹಂಗನ್ನಬ್ಯಾಡ್ರಿ ಅತ್ತೆಮ್ಮಾ. ಬೇರಿನ ಹೆಸರು ಹೇಳಿದ್ರ ಗುಣ ಹೋಗ್ತೈತಿ ಅಂತ ನಮಗೂ ಗೊತ್ತೈತಿ. ಹೆಸರು ಹೇಳಬ್ಯಾಡ್ರಿ, ಯಾರು ಕೊಡ್ತಾರ ಅನ್ನೂದಷ್ಟ ಹೇಳ್ರಿ. ಇಲ್ಲದ ರೋಗ ಹೇಳಿಕೊಂಡು ನೀವ್ಯಾಕ ಕೆಟ್ಟ ಆಗ್ತೀರಿ?"

ನಾವು ಕಟ್ಟಿದ ಸುಳ್ಳು ಎಷ್ಟು ಗಟ್ಟಿಯಾಗಿತ್ತೆಂದರೆ ಈಗ ನಾವೇ ಒಡೆದರೂ ಒಡೆಯಲಿಲ್ಲ. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ. ಆಕೆಯ ಗಂಡ ಹೌದು ಹೌದೆಂದು ತಲೆಯಾಡಿಸಿದ. ಆಕೆಯ ಕಣ್ಣಲ್ಲಿ ಮಾತ್ರ ಅದೇ ಆಸೆ, ಕತ್ತಿಯಿಂದ ತಪ್ಪಿಸಿಕೊಳ್ಳುವ ಆಸೆ. ಅತ್ತೆ ಮಂಚದಿಂದ ಇಳಿದರು. ಆಕೆಯ ಎದುರಿಗೆ ನೆಲದ ಮೇಲೆ ಕೂತರು. ಕೊರಳಿನ ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಪೂಜೆಯ ಹೊತ್ತಿನಲ್ಲಲ್ಲದೆ ಅದನ್ನು ಹೊರಗೆ ತೆಗೆದದ್ದನ್ನು ನಾನು ಕಂಡಿರಲಿಲ್ಲ.

"ಇದನ್ನ ಹಿಡಕೊಂಡು ಹೇಳ್ತೀನಿ, ಕೇಳು. ನಾ ಯಾವ ಬೇರೂ ತಿಂದಿಲ್ಲ. ಮಂದಿ ದೂರ ಆಗ್ತಾರಂತ ಹೆದರಿ ನಾ ಸುಳ್ಳ ಹೇಳಿದೆ. ನಂದು ಗುಳಿಗಿಗೆ ಹೋಗೂ ರೋಗ. ನಿಂದು ಆಪರೇಷನ್ನಿಗೆ ಹೋಗೂದು. ನೀ ದವಾಖಾನಿಗೆ ಹೋಗಬೇಕವ. ಹೋಗಲಿಲ್ಲಂದ್ರ ಆ ಪಾಪ ನನಗ ಬರ್ತೈತಿ."

ಆಕೆ ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಹೊರಗೆ ಬಂತು. ಅತ್ತೆ ಲಿಂಗವನ್ನು ಕರಡಿಗೆಗೆ ಸೇರಿಸಿ, ಆಕೆಯ ಎರಡೂ ಕೈ ಹಿಡಿದುಕೊಂಡು ಕೂತರು. ಆಕೆಯ ಗಂಡ ಎದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ನಿಂತ. ಓಣಿಯ ಇಬ್ಬರಲ್ಲಿ ಒಬ್ಬಾಕೆ ಉಳಿದ ಚಹಾವನ್ನು ಹಾಗೇ ಕೆಳಗಿಟ್ಟು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೋದಳು.

ಅತ್ತೆ ಹೆದರಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಒಂದು ವಾರದೊಳಗೆ ನಮ್ಮ ಪಡಸಾಲೆ ಖಾಲಿಯಾಯಿತು. ಬಂದವರೂ ಬಾಗಿಲಲ್ಲೇ ನಿಂತು, ಚಹಾ ಈಗಷ್ಟೇ ಆಯಿತು ಅನ್ನುತ್ತಿದ್ದರು. ಲಿಂಗಸುಗೂರಿನ ತಂಗಿ ಫೋನಿನಲ್ಲಿ ಜಗಳಕ್ಕೇ ನಿಂತಳು, "ಅಲ್ಲಬೇ ಅಕ್ಕಾ, ನಾ ಅಷ್ಟು ಅತ್ತಿದ್ದು ಸುಮ್ಮನ ಹೋತಲ್ಲ." ಅತ್ತೆ ಫೋನು ಇಟ್ಟು, "ಹೋಗಲಿ ಬಿಡು, ಚಾಪುಡಿ ಉಳೀತು," ಅಂದರು. ಆದರೆ ಸಂಜೆ ಹೊತ್ತು ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ನನಗೆ ಓಣಿಯ ಮೇಲೆಲ್ಲ ಸಿಟ್ಟು ಬರುತ್ತಿತ್ತು. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಇನ್ನೊಂದಕ್ಕೆ. ಅತ್ತೆ ತವರಿನಿಂದ ತಂದ ಅಂಚು ನಗ್ಗಿದ ಹಳೆಯ ಗಂಗಾಳವೊಂದನ್ನು ತಮಗೆಂದು ಬೇರೆ ತೆಗೆದು, ತಾವೇ ತೊಳೆದು, ಜಗುಲಿಯ ಗೂಡಿನಲ್ಲಿ ಇಟ್ಟುಕೊಳ್ಳತೊಡಗಿದ್ದರು. ನಾನು ಅದನ್ನು ಒಯ್ದು ಎಲ್ಲ ಪಾತ್ರೆಗಳ ನಡುವೆ ಬೆರೆಸುತ್ತಿದ್ದೆ. ಅವರು ಹುಡುಕಿ ತೆಗೆದು ಮತ್ತೆ ಗೂಡಿಗೆ ಒಯ್ಯುತ್ತಿದ್ದರು. "ಡಾಕ್ಟರು ಏನ್ ಹೇಳ್ಯಾರ್ರೀ?" ಎಂದು ರೇಗಿದರೆ, "ಡಾಕ್ಟರಿಗೆ ಗೊತ್ತೈತಿ. ನನ್ನ ಮನಸ್ಸಿಗೆ ಗೊತ್ತಾಗವಲ್ದು," ಅನ್ನುತ್ತಿದ್ದರು.

ಬಳಗಾನೂರಿನಾಕೆಗೆ ಆಪರೇಷನ್ ಆಯಿತು ಎಂಬ ಸುದ್ದಿ ಅವಳ ಗಂಡನ ಫೋನಿನಿಂದ ಬಂತು. ಮುಂದಿನ ಇಂಜೆಕ್ಷನ್ನುಗಳೂ ನಡೆದಿವೆ, ಕೂದಲು ಉದುರಿವೆ ಅಂದ. ಅತ್ತೆಯ ಗುಳಿಗೆ ಮುಗಿಯಲು ಬಂದಿದ್ದವು. "ನಡಿ, ಮಾತಾಡಿಸಿಕೊಂಡು ಬರೋಣು," ಅಂದರು. ಬೆಳಿಗ್ಗೆ ನನ್ನನ್ನು ಒಲೆಯ ಹತ್ತಿರಕ್ಕೂ ಬಿಡದೆ ತಾವೇ ರೊಟ್ಟಿ ಬಡಿದು, ಶೇಂಗಾಹಿಂಡಿ, ಬದನೆಕಾಯಿ ಎಣ್ಣೆಗಾಯಿ ಮಾಡಿ ಬುತ್ತಿ ಕಟ್ಟಿದರು. ಬಸ್ಸಿನಲ್ಲಿ ಚೀಲ ನನ್ನ ತೊಡೆಯ ಮೇಲಿತ್ತು. ಒಳಗೆ ಏನೋ ಗಟ್ಟಿಯಾಗಿ ಒತ್ತಿತು. ನೋಡಿದರೆ ಆ ಗಂಗಾಳ.

"ಇದ್ಯಾಕ್ರೀ ಅತ್ತಿ?"

"ಅವರ ಮನ್ಯಾಗ ಊಟಕ್ಕ ಏಳ್ರಿ ಅಂತಾರ. ಅವರ ಗಂಗಾಳದಾಗ ಉಂಡ್ರ ಆಮ್ಯಾಲೆ ಅವರಿಗೆ ಇರುಸುಮುರುಸು ಆಗಬಾರದು. ಆಕಿ ಬ್ಯಾರೆ ಈಗ ಹಸಿ ಮೈಯಾಕಿ."

ಬಳಗಾನೂರು ಬರುವವರೆಗೆ ಗದ್ದೆಗಳ ಕಡೆ ನೋಡುತ್ತ ಕೂತೆ. ಮಾತಾಡಿದ್ದರೆ ಬಸ್ಸಿನಲ್ಲಿಯೇ ಅಳುತ್ತಿದ್ದೆ.

ಆಕೆ ಪಡಸಾಲೆಯ ಮಂಚದ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಅತ್ತೆಯನ್ನು ಕಂಡು ಬಲಗೈ ಊರಿ ಎದ್ದು ನಿಲ್ಲಲು ನೋಡಿದಳು. ಸೊರಗಿದ್ದಳು, ಆದರೆ ಕಣ್ಣು ಗಟ್ಟಿಯಾಗಿದ್ದವು. ಸಮಯಕ್ಕೆ ಬಂದದ್ದು ಚಲೋ ಆಯಿತು ಎಂದು ಡಾಕ್ಟರು ಹೇಳಿದರಂತೆ. ಅತ್ತೆ ಬಾಗಿಲಲ್ಲಿ ಅಳಲಿಲ್ಲ, ಹಣೆಬರಹ ಅನ್ನಲಿಲ್ಲ. ಮಂಚದ ಮೇಲೆ ಕೂತು, "ಕ್ಯಾನ್ಸರ್ ಹೆಂಗೈತವ?" ಎಂದು ಕೇಳಿದರು. ಆಕೆಗೆ ನಗು ಬಂತು. "ನಿಮ್ಮ ಟಿಬಿ ಹೆಂಗೈತ್ರಿ?" ಅಂದಳು.

ಊಟದ ಹೊತ್ತಿಗೆ ಆಕೆಯ ಗಂಡ ಮೂರು ತಟ್ಟೆ ತಂದಿಟ್ಟ. ಅತ್ತೆ ಬುತ್ತಿಯ ಗಂಟು ಬಿಚ್ಚಿ, ಮೆಲ್ಲಗೆ ಚೀಲದಿಂದ ತಮ್ಮ ಗಂಗಾಳ ತೆಗೆದು ಪಕ್ಕಕ್ಕೆ ಇಟ್ಟುಕೊಂಡರು. ಆಕೆ ಆ ಗಂಗಾಳವನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಬಲಗೈ ಚಾಚಿ ಅದನ್ನು ತನ್ನ ಕಡೆ ಎಳೆದುಕೊಂಡು ಗಂಡನಿಗೆ, "ನನಗ ಇದರಾಗ ನೀಡು," ಅಂದಳು.

"ಅದು ನಂದವ," ಅಂದರು ಅತ್ತೆ.

"ಗೊತ್ತೈತ್ರಿ ಅತ್ತೆಮ್ಮಾ. ನೀವು ಆ ತಟ್ಟ್ಯಾಗ ಉಣ್ರಿ."

ಗಂಡ ಎರಡು ರೊಟ್ಟಿ ಹಾಕಿ ಎಣ್ಣೆಗಾಯಿ ಬಡಿಸಿದ. ಆಕೆ ಒಂದೇ ಕೈಯಲ್ಲಿ ರೊಟ್ಟಿ ಮುರಿದು ಉಣ್ಣತೊಡಗಿದಳು. ಅತ್ತೆ ಉಣ್ಣಲಿಲ್ಲ. ತಟ್ಟೆ ಮುಂದಿಟ್ಟುಕೊಂಡು ಆಕೆ ಉಣ್ಣುವುದನ್ನೇ ನೋಡುತ್ತ ಕೂತರು. ಅವರ ಕಣ್ಣಿಂದ ನೀರು ಇಳಿದು ಗದ್ದದ ತುದಿಗೆ ಬಂತು. ಒರೆಸಿಕೊಳ್ಳಲಿಲ್ಲ. ಇಷ್ಟು ವರ್ಷದಲ್ಲಿ ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರು ಯಾರಿಗಾಗಿ ಅತ್ತರೆಂದು ನನಗೆ ಗೊತ್ತಿತ್ತು. ಆ ಅಕ್ಕನ ಹೆಸರನ್ನು ಅಂದು ಬಸ್ಸಿನಲ್ಲಿ ಅವರು ನನಗೆ ಹೇಳಿದ್ದರು. "ಉಣ್ರಿ, ರೊಟ್ಟಿ ಆರ್ತಾವ," ಅಂದಳು ಆಕೆ. ಅತ್ತೆ ಉಂಡರು.

ಹೊರಡುವಾಗ ಆಕೆಯ ಗಂಡ ನಮ್ಮನ್ನು ಬಸ್ಸಿನವರೆಗೆ ಕಳಿಸಿಕೊಟ್ಟ. ಸೀಟು ಸಿಕ್ಕ ಮೇಲೆ ಚೀಲ ಮುಟ್ಟಿ ನೋಡಿದೆ, ಹಗುರವಾಗಿತ್ತು.

"ಅತ್ತಿ, ಗಂಗಾಳ ಅಲ್ಲೇ ಬಿಟ್ಟು ಬಂದ್ರಲ್ಲ."

"ಇರಲಿ ಬಿಡು," ಅಂದರು ಅತ್ತೆ, ಕಿಟಕಿಯ ಗಾಳಿಗೆ ಸೆರಗು ಸರಿಪಡಿಸಿಕೊಳ್ಳುತ್ತ. "ಮತ್ತ ಹೋಗಾಕ ನೆವ ಬೇಕಲ್ಲ."